ಉಮ್ ಚಿತ್ರಾಳ ಶುಕ್ರವಾರಗಳು

ನಮ್ಮ ಮನೆಯಲ್ಲಿ ಶುಕ್ರವಾರ ಬೆಳಿಗ್ಗೆ ಯಾರೂ ದನಿ ಎತ್ತಿ ಮಾತಾಡುತ್ತಿರಲಿಲ್ಲ. ಬಹರೈನಿನಲ್ಲಿ ಶುಕ್ರವಾರವೆಂದರೆ ರಜೆ. ಉಮ್ ಅಲ್ ಹಸ್ಸಮ್ ಬಡಾವಣೆಯ ನಮ್ಮ ಕಟ್ಟಡದ ಬೇರೆ ಮನೆಗಳಲ್ಲಿ ಅಂದು ಟೀವಿ ಜೋರಾಗಿರುತ್ತಿತ್ತು, ಮೆಟ್ಟಿಲ ತುಂಬ ಮೀನು ಹುರಿಯುವ ವಾಸನೆ ಇರುತ್ತಿತ್ತು, ಮಕ್ಕಳು ಕೆಳಗಿನ ಕೋಲ್ಡ್ ಸ್ಟೋರ್ ಅಂಗಡಿಗೂ ಮನೆಗೂ ಓಡಾಡುತ್ತಿದ್ದರು. ಎರಡನೇ ಮಹಡಿಯ ನಮ್ಮ ಮನೆಯಲ್ಲಿ ಮಾತ್ರ ಅಪ್ಪ ಚಮಚವನ್ನೂ ಸದ್ದಾಗದಂತೆ ಇಡುತ್ತಿದ್ದರು. ಅಮ್ಮ ಅಡುಗೆಮನೆಯ ಸಣ್ಣ ಮೇಜಿನ ಮುಂದೆ ಕೂತು ಒಂದು ಬಟ್ಟಲು ಗಂಜಿ, ಒಂದು ಹೋಳು ಮಾವಿನ ಉಪ್ಪಿನಕಾಯಿ ಇಷ್ಟೇ ಉಣ್ಣುತ್ತಿದ್ದಳು. ಉಂಡು ಕೈ ತೊಳೆದು, ಫ್ರಿಜ್ಜಿನ ಪಕ್ಕದ ಕಪಾಟಿನಲ್ಲಿದ್ದ ದೇವರ ಪಟಕ್ಕೆ ದೀಪ ಹಚ್ಚಿ, ನನ್ನ ಜಡೆ ಹೆಣೆಯಲು ಕೂರುತ್ತಿದ್ದಳು. ಬೇರೆ ದಿನಗಳಲ್ಲಿ ಸಡಿಲವಾಗಿರುತ್ತಿದ್ದ ಆ ಜಡೆ ಶುಕ್ರವಾರ ತಲೆಬುರುಡೆ ನೋಯುವಷ್ಟು ಬಿಗಿಯಾಗಿರುತ್ತಿತ್ತು. ನೋವಾಗುತ್ತದೆಂದು ನಾನು ಹೇಳುತ್ತಿರಲಿಲ್ಲ. ಹೇಳಿದರೆ ಏನೋ ಆಗಿಬಿಡುತ್ತದೆ ಎಂಬ ಭಯ ನನಗೆ. ಮಧ್ಯಾಹ್ನ ಅವಳು ಚೀಲ ಹೆಗಲಿಗೇರಿಸಿ ಹೊರಟಾಗ ಅಪ್ಪ ಬಾಗಿಲವರೆಗೆ ಹೋಗುತ್ತಿರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಬಿಡುತ್ತಿದ್ದರು. ನೀರು ಸುಮ್ಮನೆ ಹರಿಯುತ್ತಿರುವುದು ನನಗೆ ಹಜಾರದಲ್ಲಿ ಕೂತಲ್ಲಿಗೆ ಕೇಳಿಸುತ್ತಿತ್ತು.

ಅಮ್ಮ ಹೋಗುತ್ತಿದ್ದುದು ಕಾರ್ ರೇಸಿಗೆ. ನೋಡಲಿಕ್ಕಲ್ಲ, ಓಡಿಸಲಿಕ್ಕೆ. ಇದನ್ನು ಹೇಳಿದರೆ ನನ್ನ ಶಾಲೆಯ ಗೆಳತಿಯರು ಮೊದಲು ನಂಬುತ್ತಿರಲಿಲ್ಲ, ಆಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದರು. ಅವರ ಅಮ್ಮಂದಿರು ಸೀಫ್‌ನ ಮಾಲುಗಳಲ್ಲಿ ಸೀರೆ ನೋಡುತ್ತಾರೆ, ಕನ್ನಡ ಸಂಘದ ಕಾರ್ಯಕ್ರಮಕ್ಕೆ ಕೋಸಂಬರಿ ಮಾಡುತ್ತಾರೆ. ಅಂಥ ಅಮ್ಮನಿಗಾಗಿ ನಾನೆಷ್ಟು ಹಂಬಲಿಸುತ್ತಿದ್ದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಅಮ್ಮನ ಹೆಸರು ಹೇಮಲತಾ. ಕಾರ್ಕಳದ ಕಡೆಯವಳು. ಅವಳ ಅಪ್ಪ ಒಂದು ಸರ್ವಿಸ್ ಬಸ್ಸು ಓಡಿಸುತ್ತಿದ್ದರು. ಸಂಜೆ ಟ್ರಿಪ್ಪು ಮುಗಿದ ಮೇಲೆ ಶಾಲೆಯ ಮೈದಾನದಲ್ಲಿ ಖಾಲಿ ಬಸ್ಸಿನ ಸ್ಟಿಯರಿಂಗನ್ನು ಮಗಳ ಕೈಗೆ ಕೊಟ್ಟವರು ಅವರೇ. ಮದುವೆಯಾಗಿ ಬಹರೈನಿಗೆ ಬಂದ ಮೇಲೆ, ನನ್ನ ಅಪ್ಪ ಬಹಳ ಕಷ್ಟಪಟ್ಟು ಪಡೆದ ಲೈಸೆನ್ಸನ್ನು ಅಮ್ಮ ಒಂದೇ ಪರೀಕ್ಷೆಯಲ್ಲಿ ಪಡೆದಳಂತೆ. ಅಪ್ಪ ದಿನಕರ, ಸೀಫ್‌ನ ಒಂದು ಕಂಪೆನಿಯಲ್ಲಿ ಲೆಕ್ಕಪತ್ರ ನೋಡುವವರು, ಮಿತಭಾಷಿ. ಮನೆಯಿಂದ ಹೊರಡುವಾಗ ಗ್ಯಾಸ್ ಆರಿದೆಯೇ ಎಂದು ನೋಡಿ, ಬಾಗಿಲು ಹಾಕಿ, ಮತ್ತೆ ತೆರೆದು ಅದನ್ನೇ ನೋಡುವವರು. ಅವರಿಬ್ಬರೂ ತಮ್ಮೊಳಗೆ ತುಳು ಮಾತಾಡುತ್ತಿದ್ದರು. ನನ್ನೊಡನೆ ಮಾತ್ರ ಕನ್ನಡ. ಮಗಳಿಗೆ ಓದು ಬರಹ ಬರಲಿ ಎಂಬುದು ಅಪ್ಪನ ಹಟ. ಜಗಳವೆಲ್ಲ ತುಳುವಿನಲ್ಲೇ ನಡೆಯುತ್ತಿದ್ದುದರಿಂದ ನಾನು ಆ ಭಾಷೆಯಲ್ಲಿ ಮೊದಲು ಕಲಿತ ಮಾತು ‘ಪೋಡಿಗೆ’ ಇರಬೇಕು. ಹೆದರಿಕೆ. ಅಪ್ಪನ ಬಾಯಲ್ಲಿ ಅದು ಪದೇಪದೇ ಬರುತ್ತಿತ್ತು.

ಅಮ್ಮ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನು ಓಡಿಸುತ್ತಿದ್ದಳು. ಆ ವ್ಯಾನು ರಿಪೇರಿಗೆ ಹೋಗುತ್ತಿದ್ದುದು ಅಬು ಜಾಸಿಮ್ ಎಂಬ ಬಹರೈನಿಯ ಗ್ಯಾರೇಜಿಗೆ. ಅಗಲ ಹೊಟ್ಟೆಯ, ಸದಾ ಖರ್ಜೂರ ಅಗಿಯುವ, ಹಿಂದಿ ಅರಬ್ಬಿ ಕಲಸಿ ಮಾತಾಡುವ ಮನುಷ್ಯ. ಎಣ್ಣೆ ಕಂಪೆನಿಯಲ್ಲಿದ್ದ ಒಬ್ಬ ಅಮೆರಿಕನ್ನನು ಊರಿಗೆ ಮರಳುವಾಗ ಬಿಟ್ಟುಹೋದ ಸ್ಪ್ರಿಂಟ್ ಕಾರುಗಳನ್ನು ಅವನು ಕೊಂಡಿದ್ದ. ನೋಡಲು ಅವು ಕಾರಿನಂತಿರಲಿಲ್ಲ. ನಾಲ್ಕು ಬತ್ತಲೆ ಚಕ್ರ, ನಡುವೆ ಕಬ್ಬಿಣದ ಕೊಳವೆಗಳ ಪಂಜರ, ಪಂಜರದ ಮೇಲೆ ಮನೆಬಾಗಿಲಿನಷ್ಟು ಅಗಲದ ತಗಡಿನ ರೆಕ್ಕೆ. ಬಲಗಡೆಯ ಹಿಂಚಕ್ರ ಎಡಗಡೆಯದಕ್ಕಿಂತ ದೊಡ್ಡದು, ಏಕೆಂದರೆ ಆ ಕಾರು ಹುಟ್ಟಿದಂದಿನಿಂದ ಎಡಕ್ಕೇ ತಿರುಗಬೇಕು. ತಾನಾಗಿ ಸ್ಟಾರ್ಟ್ ಆಗಲಿಕ್ಕೂ ಅದಕ್ಕೆ ಬಾರದು. ಹಿಂದಿನಿಂದ ಪಿಕಪ್ ಬಂದು ದೂಡಿದರೆ ಒಮ್ಮೆಲೇ ಗರ್ಜಿಸುತ್ತದೆ. ಅವಾಲಿ ಎಂಬ ಊರಿನ ಆಚೆ, ಎಣ್ಣೆಯ ಕೊಳವೆಗಳು ಮರಳಿನ ಮೇಲೆ ಹಾದುಹೋಗುವಲ್ಲಿ, ಅಬು ಜಾಸಿಮ್ ಮತ್ತು ಅವನ ಗೆಳೆಯರು ಮೊಟ್ಟೆಯಾಕಾರದ ಒಂದು ಮಣ್ಣಿನ ಟ್ರ್ಯಾಕ್ ಮಾಡಿಕೊಂಡಿದ್ದರು. ಟ್ಯಾಂಕರಿನಲ್ಲಿ ನೀರು ತಂದು, ಜೇಡಿಮಣ್ಣನ್ನು ನೆನೆಸಿ, ಚಳಿಗಾಲದ ಶುಕ್ರವಾರಗಳಲ್ಲಿ ಓಡಿಸುತ್ತಿದ್ದರು. ವ್ಯಾನು ತರಲು ಹೋದ ಅಮ್ಮ ಟಾರ್ಪಾಲಿನ ಕೆಳಗೇನಿದೆ ಎಂದು ಕೇಳಿದಳು. ಅಬು ಜಾಸಿಮ್ ತೋರಿಸಿದ. ಒಮ್ಮೆ ಕೂರಬಹುದೇ ಎಂದು ಕೇಳಿದಳು. ಅವನು ನಗುತ್ತ ಒಪ್ಪಿದ. ಅಷ್ಟರಿಂದ ಶುರುವಾದದ್ದು.

ಅರಬರಲ್ಲಿ ತಾಯಿಯನ್ನು ಮಗುವಿನ ಹೆಸರಿನಿಂದ ಕರೆಯುವ ಮರ್ಯಾದೆ ಇದೆ. ಅದರಂತೆ ಟ್ರ್ಯಾಕಿನಲ್ಲಿ ಎಲ್ಲರೂ ಅಮ್ಮನನ್ನು ಉಮ್ ಚಿತ್ರಾ, ಚಿತ್ರಾಳ ತಾಯಿ, ಎನ್ನುತ್ತಿದ್ದರು. ಹೆಲ್ಮೆಟ್ಟಿನ ಹಿಂಬದಿಯಲ್ಲಿ ಅರಬ್ಬಿಯಲ್ಲಿ ಅದನ್ನೇ ಬರೆಸಿದ್ದರು. ಎರಡನೆಯ ಚಳಿಗಾಲದ ಕೊನೆಗೆ ಅವಳು ಚಾಂಪಿಯನ್ ಆದಳು. ಕಪ್ಪನ್ನು ಮನೆಗೆ ತಂದು ಫ್ರಿಜ್ಜಿನ ಮೇಲಿಟ್ಟಳು. ಅಪ್ಪ ಅದನ್ನು ನೋಡಿದರು, ಒಳ್ಳೆಯದಾಯಿತು ಎಂದರು, ಇನ್ನು ಮುಗಿಯಿತಲ್ಲ ಎಂದು ಕೇಳಿದರು. ಅಮ್ಮ ಕೆಸರಿನ ಸೂಟನ್ನು ಬಚ್ಚಲ ತೊಟ್ಟಿಯಲ್ಲಿ ನೆನೆಹಾಕಿದಳು. ಕಂದು ನೀರು ಗಿರ್ರನೆ ಸುತ್ತಿ ತೂತಿನಲ್ಲಿ ಇಳಿಯುವುದನ್ನು ನೋಡುತ್ತ ನಾನು ನಿಂತಿದ್ದೆ. ಸೂಟಿನಿಂದ ಪೆಟ್ರೋಲಿನ ವಾಸನೆ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಇಂಜೆಕ್ಷನ್ನಿಗೆ ಮುಂಚೆ ತೋಳಿಗೆ ಹಚ್ಚುತ್ತಾರಲ್ಲ, ಆ ಸ್ಪಿರಿಟ್ಟಿನ ತಣ್ಣಗಿನ ವಾಸನೆ ಬರುತ್ತಿತ್ತು.

ಅದೇನೆಂದು ನನಗೆ ತಿಳಿದದ್ದು ಗ್ಯಾರೇಜಿನಲ್ಲಿ. ಅಮ್ಮನೊಡನೆ ಹೋಗಿದ್ದಾಗ ನಾನು ಎಲ್ಲೆಂದರಲ್ಲಿ ಕೈ ಹಾಕುತ್ತಿದ್ದೆನೆಂದು ಅಬು ಜಾಸಿಮ್ ನನ್ನನ್ನು ಹಿತ್ತಲಿಗೆ ಕರೆದೊಯ್ದ. ಬಿಸಿಲಿನಲ್ಲಿ ಒಂದು ತಗಡಿನ ತಟ್ಟೆಯಿಟ್ಟು, ಅದಕ್ಕೆ ನೀರಿನಂಥದೇನನ್ನೋ ಸುರಿದು, ಲೈಟರ್ ಚುರುಕ್ಕೆನಿಸಿ ದೂರ ನಿಂತ. ಏನು ಕಾಣುತ್ತದೆ ಎಂದು ಕೇಳಿದ. ಏನೂ ಇಲ್ಲ ಎಂದೆ. ತಟ್ಟೆ, ಅದರ ಮೇಲೆ ಸ್ವಲ್ಪ ನಡುಗುವ ಗಾಳಿ, ಅಷ್ಟೇ. ಅವನು ಒಂದು ಹಳೆಯ ಪತ್ರಿಕೆಯ ಹಾಳೆಯನ್ನು ಕಡ್ಡಿಗೆ ಸಿಕ್ಕಿಸಿ ಆ ಗಾಳಿಗೆ ಹಿಡಿದ. ಹಾಳೆ ಕಪ್ಪಾಗಿ, ಮುದುರಿ, ಇಲ್ಲವಾಯಿತು. ಈ ಕಾರುಗಳು ಕುಡಿಯುವುದು ಮೆಥನಾಲ್ ಎಂಬ ಸ್ಪಿರಿಟ್. ಹೊತ್ತಿಕೊಂಡರೆ ಹಗಲಿನಲ್ಲಿ ಅದರ ಬೆಂಕಿ ಕಣ್ಣಿಗೆ ಕಾಣುವುದಿಲ್ಲ. ಹೊಗೆಯೂ ಇಲ್ಲ. ಮುಟ್ಟಬೇಡ ಎಂದರೆ ಮುಟ್ಟಬೇಡ, ಖಲಾಸ್, ಎಂದು ಅವನು ನನ್ನ ತಲೆ ಸವರಿದ.

ನನ್ನ ಒಳ್ಳೆಯದಕ್ಕೇ ಅವನು ಅದನ್ನು ತೋರಿಸಿದ್ದು. ಆದರೆ ಅಂದಿನಿಂದ ನಮ್ಮ ಮನೆಯ ಯಾವ ಖಾಲಿ ಜಾಗವನ್ನೂ ನಾನು ನಂಬಲಿಲ್ಲ. ಬಿಸಿಲು ಬೀಳುತ್ತಿದ್ದ ಬಾಲ್ಕನಿಗೆ ಹೋಗುವ ಮುಂಚೆ ಕೈ ಚಾಚಿ ನೋಡುತ್ತಿದ್ದೆ. ಅಮ್ಮ ಶುಕ್ರವಾರ ಸಂಜೆ ಮರಳಿ ಬಂದಾಗ ಓಡಿಹೋಗಿ ತಬ್ಬಿಕೊಳ್ಳುತ್ತಿರಲಿಲ್ಲ. ಮೊದಲು ಅವಳ ಸುತ್ತ ಒಂದು ಸುತ್ತು ಬಂದು, ಅಂಗೈಯನ್ನು ಅವಳ ಬೆನ್ನಿನ ಹತ್ತಿರ, ತೋಳಿನ ಹತ್ತಿರ, ಮುಟ್ಟದೆ ಹಿಡಿದು ನೋಡುತ್ತಿದ್ದೆ. ಬಿಸಿಯಿಲ್ಲ ಎಂದು ಖಚಿತವಾದ ಮೇಲೆಯೇ ಮುಟ್ಟುತ್ತಿದ್ದುದು. ಇದೇನು ಹೊಸ ಆಟ ಎಂದು ಅಮ್ಮ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ. ಒಂದು ದಿನ ಅವರು ಗೋಡೆಗೊರಗಿ ನಿಂತು ನನ್ನ ಪರೀಕ್ಷೆಯನ್ನೆಲ್ಲ ನೋಡಿದರು. ನಾನು ಮುಗಿಸಿದ ಮೇಲೆ ಸರಿ ಉಂಟಾ ಎಂದು ಮೆಲ್ಲಗೆ ಕೇಳಿದರು. ಸರಿ ಉಂಟು ಎಂದೆ. ಆ ಮನೆಯಲ್ಲಿ ಹೆದರುವವಳು ನಾನೊಬ್ಬಳೇ ಅಲ್ಲವೆಂದು ಆಗ ತಿಳಿಯಿತು. ಅದರಿಂದ ಧೈರ್ಯವೇನೂ ಬರಲಿಲ್ಲ. ದೊಡ್ಡವರೂ ಹೆದರುತ್ತಾರೆಂದರೆ ಹೆದರಲು ನಿಜವಾದ ಕಾರಣವಿದೆ ಎಂದಾಯಿತಲ್ಲ.

ಅಪಘಾತವಾದ ದಿನ ನಾವಿಬ್ಬರೂ ಅಲ್ಲೇ ಇದ್ದೆವು. ಸಾಮಾನ್ಯವಾಗಿ ಅಪ್ಪ ಹೋಗುತ್ತಿರಲಿಲ್ಲ. ಅಂದು ಅಮ್ಮ ಬಹಳ ಒತ್ತಾಯ ಮಾಡಿದ್ದಳು. ಆ ಚಳಿಗಾಲದ ಮೊದಲ ದೊಡ್ಡ ಓಟ, ಎಲ್ಲರ ಮನೆಯವರೂ ಬರುತ್ತಾರೆ, ನೀವೊಮ್ಮೆ ಬಂದರೆ ನಿಮ್ಮ ಹೆದರಿಕೆಯೂ ಹೋದೀತು ಎಂದಿದ್ದಳು. ಹಲಗೆ ಜೋಡಿಸಿದ ಮೆಟ್ಟಿಲುಗಳ ಮೇಲೆ ನಾವು ಕೂತಿದ್ದೆವು. ಮಧ್ಯಾಹ್ನದ ಬಿಸಿಲು ಇನ್ನೂ ಚುರುಕಾಗಿತ್ತು. ತಿರುವಿನಲ್ಲಿ ಆ ಕಾರುಗಳು ನೇರ ಹೋಗುವುದಿಲ್ಲ, ಏಡಿಯಂತೆ ಅಡ್ಡಡ್ಡ ಜಾರುತ್ತವೆ, ಬಲಚಕ್ರದಿಂದ ಕೆಸರು ಕಾರಂಜಿಯಾಗಿ ಏಳುತ್ತದೆ. ಅಮ್ಮನ ಕಾರು ಮುಂದಿನದಕ್ಕೆ ತೀರ ಹತ್ತಿರವಿತ್ತು. ಮುಂದಿನದರ ಹಿಂಚಕ್ರವೂ ಅಮ್ಮನ ಮುಂಚಕ್ರವೂ ತಾಗಿದವು. ಸದ್ದೇನೂ ಬರಲಿಲ್ಲ, ಎಂಜಿನ್ನುಗಳ ಅಬ್ಬರದಲ್ಲಿ ಬೇರೆ ಸದ್ದು ಕೇಳುವುದಿಲ್ಲ. ಅವಳ ಕಾರು ಮೇಲಕ್ಕೆ ಹೋಯಿತು. ಉರುಳಿತು, ಮತ್ತೆ ಉರುಳಿತು, ರೆಕ್ಕೆ ಕಿತ್ತುಹೋಗಿ ಎಲ್ಲೋ ಬಿತ್ತು. ಕೊನೆಗೆ ತಲೆಕೆಳಗಾಗಿ ಬೇಲಿಯ ಪಕ್ಕ ನಿಂತಿತು.

ಎಲ್ಲರೂ ಎದ್ದು ನಿಂತರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪಂಜರದ ಕೆಳಗಿನಿಂದ ಅಮ್ಮ ತೆವಳಿ ಹೊರಗೆ ಬಂದಳು, ಎದ್ದು ನಿಂತಳು, ಒಂದು ಕೈಯನ್ನು ಮೇಲೆತ್ತಿ ಬೀಸಿದಳು. ಮೆಟ್ಟಿಲುಗಳ ತುಂಬ ಚಪ್ಪಾಳೆ. ಉಮ್ ಚಿತ್ರಾ, ಉಮ್ ಚಿತ್ರಾ ಎಂದು ನನ್ನ ಹೆಸರನ್ನೇ ಜನ ಕೂಗಿದರು. ನಾನೂ ಚಪ್ಪಾಳೆ ತಟ್ಟಿದೆ. ಅವಳು ಇನ್ನೂ ಜೋರಾಗಿ ಕೈ ಬೀಸಿದಳು, ಕುಪ್ಪಳಿಸಿದಳು, ಸುತ್ತ ತಿರುಗಿದಳು. ಗೆದ್ದವರು ಕುಣಿಯುವಂತೆ ಕಾಣುತ್ತಿತ್ತು. ಪಕ್ಕದ ಹೆಂಗಸು ನಗುತ್ತ ನನ್ನ ಬೆನ್ನು ತಟ್ಟಿದಳು. ಆಗ ಅಮ್ಮ ನೆಲಕ್ಕೆ ಬಿದ್ದು ಕೆಸರಿನಲ್ಲಿ ಹೊರಳಲು ಶುರುಮಾಡಿದಳು. ನನ್ನ ಕೈ ತನ್ನಷ್ಟಕ್ಕೆ ನಿಂತಿತು. ತಟ್ಟೆಯ ಮೇಲೆ ನಡುಗುತ್ತಿದ್ದ ಗಾಳಿಯನ್ನು ನಾನು ಅವಳ ಸುತ್ತ ಕಂಡೆ.

“ಅಪ್ಪ, ಅಮ್ಮನಿಗೆ ಬೆಂಕಿ,” ಎಂದೆ.

ಅಪ್ಪ ನನ್ನನ್ನು ನೋಡಿದರು. ಅವರಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ನಂಬಿದರು. ಹಲಗೆಗಳನ್ನು ದಾಟಿ, ಜನರನ್ನು ದೂಡಿ, ಬೇಲಿ ಹತ್ತಿದರು. ಅಪ್ಪ ಓಡುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅವರು ಮುಟ್ಟುವ ಹೊತ್ತಿಗೆ ಟ್ರ್ಯಾಕಿನವರು ನೀರಿನ ಪೈಪು ತಂದಾಗಿತ್ತು, ಅಬು ಜಾಸಿಮ್ ಒದ್ದೆ ಕಂಬಳಿ ಹೊದಿಸಿ ಅವಳ ಮೇಲೆ ಬಿದ್ದಾಗಿತ್ತು. ಚಪ್ಪಾಳೆ ನಿಂತಿರಲಿಲ್ಲ. ಹಿಂದಿನ ಸಾಲಿನವರಿಗೆ ಇನ್ನೂ ಗೊತ್ತಾಗಿರಲಿಲ್ಲ.

ಅಮ್ಮನ ಎಡಗೈ ಮೊಣಕೈವರೆಗೆ, ಕುತ್ತಿಗೆಯ ಒಂದು ಬದಿ ಸುಟ್ಟಿತ್ತು. ಭುಜದ ಎಲುಬು ಮುರಿದಿತ್ತು. ಸೂಟು ಮೈಯನ್ನು ಉಳಿಸಿತ್ತು, ಕೈಗವಸು ಮಾತ್ರ ಹರಿದುಹೋಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವಳಿಗೆ ಹಜಾರದಲ್ಲೇ ಹಾಸಿಗೆ ಮಾಡಿದೆವು. ಕಿಟಕಿಯ ಏಸಿ ಇದ್ದುದು ಅಲ್ಲಿ. ಸೋಫಾವನ್ನು ಗೋಡೆಗೆ ಸರಿಸಿ, ಊಟದ ಮೇಜಿನ ಮೇಲೆ ಮುಲಾಮು, ಬ್ಯಾಂಡೇಜಿನ ಸುರುಳಿಗಳು. ಅಪ್ಪ ಆಫೀಸಿಗೆ ಹೋಗುವ ಮುಂಚೆ ಪಟ್ಟಿ ಬಿಚ್ಚಿ ಹೊಸದು ಕಟ್ಟುತ್ತಿದ್ದರು. ಉಸಿರು ಹಿಡಿದು. ಅಮ್ಮ ದಿಂಬಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿರುತ್ತಿದ್ದಳು. ಊರಿನಿಂದ ಅಜ್ಜ ಫೋನ್ ಮಾಡಿದಾಗ ಬಿಸಿ ನೀರು ಚೆಲ್ಲಿತು ಎಂದು ಅಪ್ಪ ಹೇಳಿದರು. ಗಾಯ ಮಾಯತೊಡಗಿತು. ಹೊಸ ಚರ್ಮ ತೆಳ್ಳಗೆ, ಗುಲಾಬಿಯಾಗಿ, ಹಾಲಿನ ಕೆನೆಯಂತೆ ನಿರಿಗೆಗಟ್ಟಿ ಬಂತು. ಹೆದರಿಕೆಗೆ ಇನ್ನು ಕಾರಣವಿಲ್ಲ, ಅಮ್ಮ ಮನೆಯಲ್ಲೇ ಇದ್ದಾಳೆ ಎಂದು ನಾನು ನನಗೆ ಹೇಳಿಕೊಳ್ಳುತ್ತಿದ್ದೆ.

ಆದರೆ ನಮ್ಮ ಮನೆಯ ಹೆದರಿಕೆ ಕಡಿಮೆಯಾಗಲಿಲ್ಲ. ಮೊದಲು ಅದು ಅಡುಗೆಮನೆಗೆ ಬಂತು. ಎದ್ದು ಓಡಾಡುವಂತಾದ ಮೇಲೂ ಅಮ್ಮ ಗ್ಯಾಸ್ ಹಚ್ಚಲಿಲ್ಲ. ಒಲೆಯ ಮುಂದೆ ಹೋಗಿ ನಿಲ್ಲುವಳು, ಲೈಟರ್ ಕೈಯಲ್ಲಿ ಹಿಡಿಯುವಳು, ಮತ್ತೆ ಅಲ್ಲೇ ಇಟ್ಟು ಬರುವಳು. ಅಪ್ಪ ಒಂದು ಕರೆಂಟಿನ ಒಲೆ ತಂದರು. ಅದರ ಸುರುಳಿ ಕೆಂಪಾಗುವುದನ್ನೂ ಅವಳಿಂದ ನೋಡಲಾಗಲಿಲ್ಲ. ಬೇಕರಿಯ ಖುಬೂಸ್ ರೊಟ್ಟಿ, ಹೋಟೆಲಿನ ಪಾರ್ಸೆಲ್ ಸಾರು, ಮೊಸರು ಇಷ್ಟರಲ್ಲಿ ನಮ್ಮ ಊಟ ಸಾಗಿತು. ದೇವರಿಗೆ ದೀಪ ನಿಂತಿತು. ಆಮೇಲೆ ಹೆದರಿಕೆ ಬಾಲ್ಕನಿಗೆ ಬಂತು. ಬಿಸಿಲು ಬಿದ್ದರೆ ಕೈ ಉರಿಯುತ್ತದೆಂದು ಪರದೆ ಎಳೆದೇ ಇರುತ್ತಿತ್ತು. ಹಗಲಿಗೂ ಟ್ಯೂಬ್‌ಲೈಟು. ನಾನು ಶಾಲೆಯಿಂದ ಬಂದರೆ ಅವಳು ಹಾಸಿಗೆಯ ಅಂಚಿನಲ್ಲಿ, ನಾನು ಬೆಳಿಗ್ಗೆ ಬಿಟ್ಟುಹೋದ ಹಾಗೇ ಕೂತಿರುತ್ತಿದ್ದಳು. ಏನಾದರೂ ಕೇಳಿದರೆ ಉತ್ತರ ಬಹಳ ದೂರದಿಂದ ಬರುತ್ತಿತ್ತು.

ವ್ಯಾನು ಮತ್ತೆ ಓಡಿಸಲು ಡಾಕ್ಟರು ಅನುಮತಿ ಕೊಟ್ಟ ವಾರದಲ್ಲಿ ನಡೆದದ್ದು ನನಗೆ ಅಪಘಾತಕ್ಕಿಂತ ಸ್ಪಷ್ಟವಾಗಿ ನೆನಪಿದೆ. ಶಾಲೆ ಬಿಟ್ಟು ಬರುತ್ತಿದ್ದೆವು, ವ್ಯಾನಿನ ತುಂಬ ಮಕ್ಕಳು, ನಾನು ಅವಳ ಪಕ್ಕದ ಸೀಟಿನಲ್ಲಿ. ಸಿಗ್ನಲ್ಲಿನಲ್ಲಿ ಕೆಂಪು ದೀಪಕ್ಕೆ ನಿಂತಳು. ಹಸಿರಾಯಿತು. ಅವಳು ಹೊರಡಲಿಲ್ಲ. ಎದುರಿನ ರಸ್ತೆ ಖಾಲಿಯಿತ್ತು, ಟಾರಿನ ಮೇಲೆ ಬಿಸಿಲು ಬಿದ್ದು ಗಾಳಿ ನಡುಗುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಹಿಂದಿನಿಂದ ಹಾರ್ನುಗಳು. ಮಕ್ಕಳು ಮಾತು ನಿಲ್ಲಿಸಿದರು. ಮತ್ತೆ ಕೆಂಪಾಯಿತು. ನಾನು ಅವಳ ಬಲಗೈಯನ್ನು ಹಿಡಿದುಕೊಂಡೆ, ಅದು ಐಸಿನಂತೆ ತಣ್ಣಗಿತ್ತು. ಮುಂದಿನ ಹಸಿರಿಗೆ ಹೊರಟಳು, ಎಲ್ಲ ಮಕ್ಕಳನ್ನೂ ಅವರವರ ಮನೆಗೆ ಮುಟ್ಟಿಸಿದಳು. ಮರುದಿನದಿಂದ ವ್ಯಾನು ಓಡಿಸಲು ಬೇರೆಯವರು ಬಂದರು. ಸಿಗ್ನಲ್ಲಿನ ವಿಷಯ ನಾನು ಅಪ್ಪನಿಗೆ ಹೇಳಲಿಲ್ಲ. ಅವಳೇ ಹೇಳಿದಳು.

ಮುಂದಿನ ಚಳಿಗಾಲ ಹತ್ತಿರವಾಗುತ್ತಿದ್ದಾಗ ಅಬು ಜಾಸಿಮ್ ಮನೆಗೆ ಬಂದ. ಖರ್ಜೂರದ ಡಬ್ಬಿ ತಂದಿದ್ದ. ಸೋಫಾದ ಅಂಚಿನಲ್ಲಿ ಕೂತು, ಕಾರು ರಿಪೇರಿ ಆಗಿದೆ, ಇಂಧನದ ಕೊಳವೆಗಳನ್ನು ಬೇರೆ ರೀತಿ ಹಾಕಿಸಿದ್ದೇನೆ ಎಂದಷ್ಟೇ ಹೇಳಿದ. ಬಾ ಎನ್ನಲಿಲ್ಲ. ಅವನು ಎದ್ದು ಹೊರಡುವಾಗ ಅಮ್ಮ ಮುಂಚಕ್ರದ ಬಗ್ಗೆ ಒಂದು ಪ್ರಶ್ನೆ ಕೇಳಿದಳು. ಆ ಪ್ರಶ್ನೆ ಕೇಳುವಾಗಿನ ಅವಳ ದನಿಯನ್ನು ನಾವು ತಿಂಗಳುಗಟ್ಟಲೆ ಕೇಳಿರಲಿಲ್ಲ. ಅಪ್ಪನ ಮುಖ ಬಿಳಿಚಿಕೊಂಡಿತು. ಬಾಗಿಲು ಹಾಕಿದ ಕೂಡಲೇ ತುಳುವಿನಲ್ಲಿ ಜಗಳ ಶುರುವಾಯಿತು.

ವಾರವೆಲ್ಲ ನಡೆಯಿತು ಅದು, ಪಾರ್ಸೆಲ್ಲಿನ ಸಾರಿನ ಮುಂದೆ, ಇಸ್ತ್ರಿ ಹಾಕುವಾಗ, ಬಚ್ಚಲ ಬಾಗಿಲ ಹೊರಗೆ. ಅಪ್ಪ ತಾನು ಕಂಡದ್ದನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಅಮ್ಮ ನಾನು ಇಲ್ಲಿ ಕೂತು ಸಾಯುತ್ತಿರುವುದು ನಿಮಗೆ ಕಾಣುವುದಿಲ್ಲವೇ ಎನ್ನುತ್ತಿದ್ದಳು. ಕೊನೆಗೆ ಒಂದು ಮಧ್ಯಾಹ್ನ ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, ಎಲ್ಲರಿಗೂ ಅರ್ಥವಾಗಲೆಂದೋ ಏನೋ, ಕನ್ನಡದಲ್ಲಿ ಹೇಳಿದರು.

“ನನ್ನ ಮಾತು ಬೇಡ. ಚಿತ್ರನ ಹತ್ರ ಕೇಳು. ಅವಳು ಬೇಡ ಅಂದ್ರೆ ಮುಗೀತು, ಹೋಗು ಅಂದ್ರೆ ನಾನು ಇನ್ನು ಬಾಯಿ ತೆಗೀಲಿಕ್ಕಿಲ್ಲ.”

“ಮಗುವಿನ ತಲೆ ಮೇಲೆ ಇದನ್ನು ಹಾಕುದಾ ನೀವು?” ಎಂದಳು ಅಮ್ಮ.

“ಅದರ ತಲೆ ಮೇಲೆ ಇಷ್ಟರವರೆಗೆ ಬೇರೆ ಎಂತ ಇತ್ತು?”

ಇಬ್ಬರೂ ನನ್ನನ್ನು ನೋಡಿದರು. ಆಮೇಲೆ ಇಬ್ಬರೂ ನಾಚಿದವರಂತೆ ಮುಖ ತಿರುಗಿಸಿದರು. ಯಾರೂ ಒತ್ತಾಯಿಸಲಿಲ್ಲ. ಆದರೆ ಆ ಮಾತು ಹಿಂದಕ್ಕೆ ಹೋಗಲಿಲ್ಲ. ನಾನು ಆಗ ಆರನೇ ಕ್ಲಾಸಿನಲ್ಲಿದ್ದೆ. ಶಾಲೆಯಲ್ಲಿ ಟೀಚರ್ ಕೇಳಿದ್ದು ಕೇಳಿಸುತ್ತಿರಲಿಲ್ಲ, ಊಟದ ಡಬ್ಬಿ ತೆರೆಯದೆ ಮನೆಗೆ ತರುತ್ತಿದ್ದೆ. ಬೇಡ ಎಂದರೆ ಅವಳು ಹೋಗುವುದಿಲ್ಲ, ಇದೇ ಹಾಸಿಗೆಯ ಅಂಚಿನಲ್ಲಿ ಕೂತಿರುತ್ತಾಳೆ, ಪರದೆ ತೆರೆಯುವುದಿಲ್ಲ. ಹೋಗು ಎಂದು ನಾನು ಹೇಳಿ, ಅವಳಿಗೆ ಮತ್ತೇನಾದರೂ ಆದರೆ ಅದು ನಾನೇ ಮಾಡಿದ್ದು. ಒಂದು ಸಂಜೆ ಅಪ್ಪ ಅಡುಗೆಮನೆಯಲ್ಲಿ ನನಗಾಗಿ ಹಾಲು ಬಿಸಿಮಾಡುತ್ತಿದ್ದರು, ಅಮ್ಮ ಲೈಟರಿನ ಸದ್ದಿಗೇ ಬೆಚ್ಚಿ ಗೋಡೆಯ ಕಡೆ ತಿರುಗಿ ಕೂತಿದ್ದಳು. ನಾನು ನಡುವಿನ ಬಾಗಿಲಲ್ಲಿ ನಿಂತು, ಇಬ್ಬರಿಗೂ ಕೇಳುವಂತೆ ಹೇಳಿದೆ.

“ಅಮ್ಮ ಹೋದ್ರೂ ನನಗೆ ಹೆದರಿಕೆ ಆಗ್ತದೆ, ಹೋಗದಿದ್ರೂ ಆಗ್ತದೆ. ಹೋದ್ರೆ ಶುಕ್ರವಾರ ಮಾತ್ರ ಆಗುದು.”

ಹಾಲು ಉಕ್ಕಿತು. ಅಪ್ಪ ಗ್ಯಾಸ್ ಆರಿಸಿದರು, ಚೆಲ್ಲಿದ್ದನ್ನು ಒರೆಸಿದರು. ಬಟ್ಟೆ ಹಿಂಡಿ, ಒಣಹಾಕಿ, ಹಾಗಾದರೆ ಪ್ರತಿ ಸಲವೂ ನಾವಿಬ್ಬರೂ ಜೊತೆಗೆ ಹೋಗುವುದು, ಮನೆಯಲ್ಲಿ ಕಾಯುವುದು ನನ್ನಿಂದ ಇನ್ನು ಆಗದು ಎಂದರು. ಕೊಟ್ಟ ಮಾತಿನಂತೆ ಆ ವಿಷಯದಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ. ಅಮ್ಮ ನನ್ನನ್ನು ಹತ್ತಿರ ಕರೆದು ಸುಮ್ಮನೆ ಹಿಡಿದುಕೊಂಡಳು. ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಸಂತೋಷಕ್ಕೆ ಎಂದು ನಾನು ತಿಳಿದೆ.

ಅದರ ಮುಂದಿನ ಕತೆಯನ್ನು ಚುಟುಕಾಗಿ ಹೇಳಬಹುದು. ಅಮ್ಮ ಆ ಚಳಿಗಾಲ ಓಡಿಸಿದಳು, ಅದರ ಮುಂದಿನದೂ ಓಡಿಸಿದಳು, ಮತ್ತೊಮ್ಮೆ ಚಾಂಪಿಯನ್ ಆದಳು. ಆಮೇಲೆ ಒಂದು ದಿನ ಯಾರೂ ಕೇಳದೆ, ಸಾಕು ಎಂದು ಹೆಲ್ಮೆಟ್ ಕಳಚಿ ಅಬು ಜಾಸಿಮ್‌ನ ಕೈಗೆ ಕೊಟ್ಟು ಬಂದಳು. ಈಗ ಆ ಟ್ರ್ಯಾಕ್ ಇಲ್ಲ, ಮರಳು ಅದನ್ನು ತನ್ನದಾಗಿಸಿಕೊಂಡಿದೆ. ಅಮ್ಮ ಅಪ್ಪ ಈಗಲೂ ಬಹರೈನಿನಲ್ಲಿ, ನನ್ನ ಜೊತೆಗೇ ಇದ್ದಾರೆ. ಅವಳು ಮೊಮ್ಮಗನನ್ನು ಶಾಲೆಗೆ ಬಿಡುವಾಗ ಬಹಳ ನಿಧಾನ ಓಡಿಸುತ್ತಾಳೆಂದು ಅವನ ದೂರು. ಆದರೆ ನಾನು ಯಾರಾದೆ ಎಂಬುದು ಆ ಗೆಲುವುಗಳಲ್ಲಿ ತೀರ್ಮಾನವಾಗಲಿಲ್ಲ. ಅದಾದದ್ದು ಅವಳು ಟ್ರ್ಯಾಕಿಗೆ ಮರಳಿಹೋದ ಮೊದಲ ಶುಕ್ರವಾರ.

ಓಟಕ್ಕೆ ಮುಂಚೆ ಅಮ್ಮ ಕಾಣದಾದಳು. ಅಬು ಜಾಸಿಮ್ ಕಾರಿನ ಬೆಲ್ಟುಗಳನ್ನು ಎಳೆದು ನೋಡುತ್ತಿದ್ದ, ಅಪ್ಪ ಬೇಲಿಯ ಹತ್ತಿರ ನಿಂತಿದ್ದರು. ನಾನು ಹುಡುಕುತ್ತ ನೀರಿನ ಟ್ಯಾಂಕರಿನ ಹಿಂದೆ ಹೋದೆ. ಅವಳು ಒಂದು ಕೈಯನ್ನು ಟೈರಿಗೆ ಊರಿ, ಬಗ್ಗಿ, ವಾಂತಿ ಮಾಡುತ್ತಿದ್ದಳು. ನನ್ನನ್ನು ಕಂಡು ಬಾಯಿ ಒರೆಸಿಕೊಂಡಳು. ಹುಷಾರಿಲ್ಲವೇ, ಮನೆಗೆ ಹೋಗೋಣವೇ ಎಂದು ನಾನು ಕೇಳಿದೆ.

“ಪ್ರತಿ ಸಲ ಹೀಗೇ ಮಗಾ,” ಎಂದಳು. “ಮೊದಲನೇ ದಿನದಿಂದ. ಬರೀ ಗಂಜಿ ಉಂಡು ಬರುದು ಮತ್ತೆಂತಕ್ಕೆ ಅಂತ ಎಣಿಸಿದ್ದಿ?”

“ನಿನಗೂ ಹೆದರಿಕೆ ಉಂಟಾ?”

“ನಿಮ್ಮಿಬ್ಬರಿಗಿಂತ ಜಾಸ್ತಿ. ಕಾರೊಳಗೆ ಕೂತವಳು ನಾನಲ್ವಾ?”

ಕೈ ಚಾಚಿದಳು. ಗುಲಾಬಿ ನಿರಿಗೆಗಳ ಆ ಎಡಗೈ ಎಲೆಯಂತೆ ಅದುರುತ್ತಿತ್ತು. ನಾನು ಎರಡೂ ಕೈಯಲ್ಲಿ ಹಿಡಿದೆ. ಹಿಡಿದರೆ ನಿಂತೀತು ಎಂದುಕೊಂಡಿದ್ದೆ, ನಿಲ್ಲಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು ಅದುರುವ ಕೈಯನ್ನೇ ಮೆಲ್ಲಗೆ ಬಿಡಿಸಿಕೊಂಡು ಕೈಗವಸಿನೊಳಗೆ ತೂರಿಸಿದಳು, ಬೆರಳು ಬೆರಳಾಗಿ. ಹೆಲ್ಮೆಟ್ ಹಾಕಿಕೊಂಡಳು. ಹಾಕಿಕೊಂಡ ಮೇಲೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಹೆದರಿದ ಕಣ್ಣೇ. ಅಷ್ಟು ವರ್ಷ ಅದನ್ನು ನಾನು ಧೈರ್ಯವೆಂದು ತಿಳಿದು, ಅದು ನನ್ನಲ್ಲಿಲ್ಲವಲ್ಲ ಎಂದು ಕೊರಗಿದ್ದೆ.

ನಾನು ಅಪ್ಪನ ಬಳಿಗೆ ಓಡಿದೆ. ಪಿಕಪ್‌ಗಳು ಕಾರುಗಳನ್ನು ದೂಡತೊಡಗಿದ್ದವು, ಒಂದೊಂದಾಗಿ ಎಂಜಿನ್ನುಗಳು ಸಿಡಿದು ಎಚ್ಚರವಾದವು. ಅಪ್ಪ ಟ್ರ್ಯಾಕಿಗೆ ಬೆನ್ನು ಹಾಕಿ ನಿಂತಿದ್ದರು. ಮುಖ ಕಾರು ನಿಲ್ಲಿಸಿದ ಬಯಲಿನ ಕಡೆಗೆ, ಎರಡೂ ಕೈ ಹಿಂದಕ್ಕೆ ಚಾಚಿ ಬೇಲಿಯ ತಂತಿಯನ್ನು ಹಿಡಿದಿದ್ದವು. ಕಣ್ಣು ಮುಚ್ಚಿತ್ತು.

“ನನ್ನಿಂದ ನೋಡ್ಲಿಕ್ಕೆ ಆಗುದಿಲ್ಲ,” ಎಂದರು. “ನೀನು ನೋಡು. ಕಂಡದ್ದನ್ನು ಕಂಡ ಹಾಗೇ ನನಗೆ ಹೇಳು.”

ನನಗೂ ಕಣ್ಣು ಮುಚ್ಚಬೇಕೆನಿಸಿತ್ತು. ಆದರೆ ಇಬ್ಬರೂ ಮುಚ್ಚಿದರೆ ಅಮ್ಮನನ್ನು ನೋಡುವವರು ಯಾರು? ಹಸಿರು ಬಾವುಟ ಬೀಸಿದರು. ನಾನು ಅಪ್ಪನ ಕಿವಿಯ ಬಳಿ ಬಾಯಿಟ್ಟು ಕೂಗಿ ಹೇಳತೊಡಗಿದೆ. ಹೊರಟರು. ಅಮ್ಮ ಹಿಂದೆ ಇದ್ದಾಳೆ. ತಿರುವಿಗೆ ಬಂದಳು. ಜಾರುತ್ತಿದ್ದಾಳೆ, ಸರಿಯಾಗಿ ಜಾರುತ್ತಿದ್ದಾಳೆ. ನೇರ ಆಯಿತು. ಒಬ್ಬನನ್ನು ದಾಟಿದಳು. ಈಗ ಎಂದು ಅಪ್ಪ ಕೇಳುವರು, ನಾನು ಹೇಳುವೆನು. ಕಣ್ಣಿಗೆ ಮಣ್ಣು ಬೀಳುತ್ತಿತ್ತು, ಒರೆಸಿಕೊಳ್ಳುವ ಕ್ಷಣವೂ ಅವಳು ಎಲ್ಲಿದ್ದಾಳೆಂದು ತಪ್ಪಿಹೋಗುವ ಭಯ. ಆಗ ಆಚೆಯ ತಿರುವಿನಲ್ಲಿ, ಸರಿಯಾಗಿ ಕಳೆದ ಸಲದ ಜಾಗದ ಹತ್ತಿರ, ಮುಂದಿನ ಕಾರೊಂದು ಬೇಲಿಗೆ ಉಜ್ಜಿ ಗಿರ್ರನೆ ತಿರುಗಿತು. ಒಣಗಿದ ಅಂಚಿನ ಧೂಳು ಗೋಡೆಯಂತೆ ಎದ್ದಿತು. ಅಮ್ಮನ ಕಾರು ಅದರೊಳಗೆ ಹೊಕ್ಕಿತು.

“ಈಗ?” ಎಂದರು ಅಪ್ಪ.

ನಾನು ತಂತಿಗೆ ಮುಖವೊತ್ತಿ ಹುಡುಕಿದೆ.

“ಚಿತ್ರಾ, ಈಗ?”

“ಕಾಣುದಿಲ್ಲ ಅಪ್ಪ. ಧೂಳು.”

ಅವರ ಬೆರಳುಗಳು ತಂತಿಯನ್ನು ಹಿಂಡಿ ಬಿಳಿಯಾಗಿದ್ದವು. ಅವರು ತಿರುಗಲಿಲ್ಲ. ಕಾಣುವವರೆಗೆ ನೋಡು ಎಂದರು. ನಾನು ನೋಡಿದೆ. ಕಣ್ಣು ಉರಿದು ನೀರು ಸುರಿಯುತ್ತಿತ್ತು, ರೆಪ್ಪೆ ಬಡಿಯದೆ ನೋಡಿದೆ. ಧೂಳಿನ ಬುಡದಲ್ಲಿ ಮೊದಲು ಒಂದು ಚಕ್ರ ಕಂಡಿತು, ಆಮೇಲೆ ರೆಕ್ಕೆಯ ಅಂಚು. ಕಾರು ಅಡ್ಡಕ್ಕೆ ಜಾರುತ್ತಲೇ ಹೊರಗೆ ಬಂತು, ಅದರ ಸುತ್ತಲಿನ ಗಾಳಿ ಬರೀ ಗಾಳಿಯಾಗಿತ್ತು.

“ಬಂದಳು,” ಎಂದೆ. “ಬಂದಳು ಅಪ್ಪ. ಅಮ್ಮ ಹೊರಗೆ ಬಂದಳು.”

ಅಪ್ಪ ಉಸಿರು ಬಿಟ್ಟರು. ಕಣ್ಣು ತೆರೆಯಲಿಲ್ಲ, ಬೇಲಿಯನ್ನೂ ಬಿಡಲಿಲ್ಲ. ಕಾರುಗಳು ನಮ್ಮ ಮುಂದೆಯೇ ಹಾದು, ಕೆಸರು ಅವರ ಬೆನ್ನಿನ ಬಿಳಿ ಅಂಗಿಗೆಲ್ಲ ಹಾರಿತು. ಸದ್ದು ದೂರವಾದ ಮೇಲೆ, ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳದಿದ್ದ ಪ್ರಶ್ನೆಯನ್ನು ಅವರು ಕೇಳಿದರು.

“ಎಷ್ಟನೆಯವಳು?”

“ಮೂರನೆಯವಳು.”

“ಹಾಗಾದ್ರೆ ಮುಂದೆ ಇನ್ನು ಇಬ್ಬರೇ,” ಎಂದರು ಅಪ್ಪ, ಕಣ್ಣು ಮುಚ್ಚಿಕೊಂಡೇ. “ಹೇಳು, ನಿಲ್ಲಿಸ್ಬೇಡ.”